ಮನೋವೈದ್ಯರ ಬಳಿಗೆ ಹೋಗುವ ಮುನ್ನ: ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೊಂದು ಮಾರ್ಗದರ್ಶಿ

ಗೇ ಹುಡುಗನೊಬ್ಬನಿಗೆ ರಾತ್ರಿ ನಿದ್ದೆ ಬರುತ್ತಿಲ್ಲ ಎಂದರೆ ಚಿಕಿತ್ಸೆ ಬೇಕಿರುವುದು ನಿದ್ದೆಗೆ, ಅವನು ಗೇ ಆಗಿರುವುದಕ್ಕಲ್ಲ. ಇಷ್ಟು ಸರಳ ಸಂಗತಿ ಕೆಲವು ಕ್ಲಿನಿಕ್ಕುಗಳಲ್ಲಿ ತಲೆಕೆಳಗಾಗುತ್ತದೆ. ನಿದ್ದೆಯ ಮಾತು ಪಕ್ಕಕ್ಕೆ ಸರಿದು ‘ಹುಡುಗಿಯರ ಜೊತೆ ಯಾವತ್ತಾದರೂ ಪ್ರಯತ್ನ ಮಾಡಿದ್ದೀಯಾ’ ಎಂಬ ವಿಚಾರಣೆ ಶುರುವಾಗುತ್ತದೆ. ಹೀಗೆ ಒಮ್ಮೆ ಪೆಟ್ಟು ತಿಂದವರು ಆ ಕಡೆ ಮತ್ತೆ ತಲೆ ಹಾಕುವುದಿಲ್ಲ. ಖಿನ್ನತೆ ಮಾತ್ರ ಹಾಗೇ ಉಳಿಯುತ್ತದೆ.

ಹಾಗಾಗಿ ಈ ಬರಹದ ಮುಖ್ಯ ಮಾತು ಇಷ್ಟೇ: ವೈದ್ಯರು ನಿಮ್ಮನ್ನು ಪರೀಕ್ಷಿಸುವ ಮೊದಲು ನೀವು ಅವರನ್ನು ಪರೀಕ್ಷಿಸಿ. ನೀವು ಗೇ, ಲೆಸ್ಬಿಯನ್, ಬೈಸೆಕ್ಷುಯಲ್, ಟ್ರಾನ್ಸ್‌ಜೆಂಡರ್, ಇಂಟರ್‌ಸೆಕ್ಸ್ (ಹುಟ್ಟಿನಿಂದಲೇ ದೇಹ ಪೂರ್ತಿ ಗಂಡಿನದೋ ಹೆಣ್ಣಿನದೋ ಎನ್ನಲಾಗದವರು), ಕೋತಿ (ಹೆಣ್ಣಿನ ಹಾವಭಾವದ, ಗಂಡಸರತ್ತ ಒಲವಿರುವ ಗಂಡು), ಜೋಗಪ್ಪ ಯಾರೇ ಆಗಿರಿ, ಅಥವಾ ಯಾವ ಹೆಸರೂ ಬೇಡ ಅನ್ನುವವರಾಗಿರಿ, ಕೆಳಗಿನ ಕ್ರಮ ಹೆಚ್ಚುಕಡಿಮೆ ಒಂದೇ.

ಯಾವುದು ಕಾಯಿಲೆ, ಯಾವುದು ಅಲ್ಲ

ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರ ಮೇ 17ರಂದು. 2022ರ ಜನವರಿಯಲ್ಲಿ ಜಾರಿಗೆ ಬಂದ ಅದರ ಹನ್ನೊಂದನೇ ಪರಿಷ್ಕೃತ ಪಟ್ಟಿಯಲ್ಲಿ ಟ್ರಾನ್ಸ್‌ಜೆಂಡರ್ ಆಗಿರುವುದೂ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ಬಂತು. ಸಲಿಂಗ ಒಲವು ಮನೋರೋಗವಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲೇ ಹೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಮುದಾಯದ ನೀತಿ, ಸಂಸ್ಕೃತಿ, ಧಾರ್ಮಿಕ ನಂಬಿಕೆಗಳಿಗೆ ಒಬ್ಬರು ಹೊಂದಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ಅವರಿಗೆ ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನಿಸುವಂತಿಲ್ಲ.

ಹಾಗಾದರೆ ಈ ಸಮುದಾಯದಲ್ಲಿ ಖಿನ್ನತೆ, ಆತಂಕ, ಕುಡಿತ ಹೆಚ್ಚೇಕೆ? ಇಲಾನ್ ಮೇಯರ್ ಎಂಬ ಸಂಶೋಧಕರು 2003ರ ತಮ್ಮ ಲೇಖನದಲ್ಲಿ ಇದಕ್ಕೆ ‘ಅಲ್ಪಸಂಖ್ಯಾತರ ಒತ್ತಡ’ ಎಂಬ ಚೌಕಟ್ಟು ಹಾಕಿಕೊಟ್ಟರು. ಮೊದಲನೆಯದು ನೇರ ಪೆಟ್ಟು: ಹೊಡೆತ, ಬೈಗುಳ, ಬಾಡಿಗೆ ಮನೆ ಖಾಲಿ ಮಾಡಿಸುವುದು. ಎರಡನೆಯದು ಪೆಟ್ಟು ಬೀಳಬಹುದೆಂದು ಸದಾ ಕಾಯುತ್ತಿರುವುದು. ಮೂರನೆಯದು ಮುಚ್ಚಿಡುವ ದುಡಿಮೆ. ಸಂಗಾತಿಯ ವಿಷಯ ಬಂದಾಗ ‘ಅವನು’ ಎಂದು ಬಾಯಿಗೆ ಬಂದದ್ದನ್ನು ನುಂಗಿ ‘ಅವರು’ ಎನ್ನುವುದು, ಊರಿಗೆ ಹೋಗುವ ಮುನ್ನ ಫೋನಿನ ಆ್ಯಪ್ ಅಳಿಸುವುದು, ಕೈ ಬೀಸಿ ನಡೆಯದಂತೆ ಎಚ್ಚರ ವಹಿಸುವುದು. ನಾಲ್ಕನೆಯದೇ ಎಲ್ಲಕ್ಕಿಂತ ಕೆಟ್ಟದ್ದು: ಜನ ಹೇಳುವುದನ್ನೇ ನಂಬಿ ತನ್ನನ್ನು ತಾನೇ ಹೇಸಿಕೊಳ್ಳುವುದು. ಹೊಡೆತ ನಿಂತ ಮೇಲೂ ಉಳಿದ ಮೂರು ಕೆಲಸ ಮಾಡುತ್ತಲೇ ಇರುತ್ತವೆ. ‘ಈಗ ಕಾನೂನು ಬದಲಾಗಿದೆಯಲ್ಲ, ಇನ್ನೇನು ತೊಂದರೆ’ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಪೂಜೆಯಲ್ಲಿ ಸಿಗುವ ಗೌರವವೂ ಈ ಭಾರ ಇಳಿಸುವುದಿಲ್ಲ. ಯಲ್ಲಮ್ಮನ ಜೋಗತಿಯ ಕಾಲಿಗೆ ಬೀಳುವವರೇ ಅವರಿಗೆ ಮನೆ ಬಾಡಿಗೆಗೆ ಕೊಡಲು ಹಿಂದೆಗೆಯುವುದು ನಮಗೆಲ್ಲ ಗೊತ್ತಿರುವ ವಿಚಾರ.

ಆದರೂ ಎಲ್ಲವನ್ನೂ ಸಮಾಜದ ತಲೆಗೆ ಕಟ್ಟಿ ಸುಮ್ಮನಿರಬೇಡಿ. ಒತ್ತಡದಿಂದ ಹುಟ್ಟಿದ ಖಿನ್ನತೆಯೂ ಖಿನ್ನತೆಯೇ, ಚಿಕಿತ್ಸೆಗೆ ಬಗ್ಗುತ್ತದೆ. ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆಯಿರಿ. ಎಡಕ್ಕೆ ಏನಾಯಿತು, ಬಲಕ್ಕೆ ಮೈಮನಸ್ಸಿಗೆ ಏನಾಯಿತು. ‘ಬುಧವಾರ, ಸೋದರತ್ತೆ ಫೋನ್ ಮಾಡಿ ಜಾತಕ ಕೇಳಿದರು / ರಾತ್ರಿ ಎರಡರವರೆಗೆ ಎಚ್ಚರ, ಊಟ ಬಿಟ್ಟೆ.’ ಇಷ್ಟು ಸಾಕು. ಕಾರಣವೇ ಇಲ್ಲದೆ ದಿನವಿಡೀ ಬಲಗಡೆ ತುಂಬುತ್ತಿದ್ದರೆ ವೈದ್ಯರನ್ನು ಕಾಣುವುದು ತಡಮಾಡಬೇಡಿ.

ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯೂ ನೆರವಿಗೆ ಬರುತ್ತದೆ. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದ್ದು. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಬಂದರೂ ಮೊತ್ತ ನೋಡುತ್ತ ಕೂರಬೇಡಿ, ಅಂದೇ ಯಾರಿಗಾದರೂ ಹೇಳಿ.

ಎಲ್ಲಿಗೆ ಹೋಗುವುದು

ಖರ್ಚಿಲ್ಲದ ಮೊದಲ ಬಾಗಿಲು ಟೆಲಿ-ಮನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿ ಹಗಲೂ ರಾತ್ರಿ ನಡೆಯುತ್ತದೆ, ಕನ್ನಡದಲ್ಲಿ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಹೆಸರಿನ ಮಂಗಳವಾರದ ಕ್ಲಿನಿಕ್ ಇದೆ. ಹೊರಡುವ ಮುನ್ನ ಆ ವಾರ ಮನೋವೈದ್ಯರು ಬರುತ್ತಾರೋ ಎಂದು ಫೋನ್ ಮಾಡಿ ಕೇಳಿಕೊಳ್ಳಿ. ದೊಡ್ಡ ಆಸ್ಪತ್ರೆ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್.

ಚಿಕ್ಕ ಊರಿನ ಕಷ್ಟವೇ ಬೇರೆ. ಚೀಟಿ ಬರೆಯುವವರು ನಿಮ್ಮ ಮಾವನ ಪರಿಚಯದವರು, ಮೆಡಿಕಲ್ ಸ್ಟೋರಿನವರು ಅಪ್ಪನ ಗೆಳೆಯರು. ಇಂಥಲ್ಲಿ ಪಕ್ಕದ ತಾಲ್ಲೂಕಿಗೆ ಹೋಗುವುದು ಹೇಡಿತನವಲ್ಲ, ಜಾಣತನ. ಮಾತ್ರೆಯನ್ನೂ ಅಲ್ಲೇ ಕೊಳ್ಳಿ. ಒಪಿಡಿ ಚೀಟಿ ಮನೆಯಲ್ಲಿ ಸಿಕ್ಕರೆ ಏನು ಹೇಳಬೇಕೆಂದು ಮೊದಲೇ ಯೋಚಿಸಿಡಿ: ‘ನಿದ್ದೆ ಬರ್ತಿಲ್ಲ, ಅದಕ್ಕೆ ತೋರಿಸ್ದೆ’ ಎಂಬುದು ಸುಳ್ಳೂ ಅಲ್ಲ.

ಯಾರ ಹತ್ತಿರ ಹೋಗುತ್ತಿದ್ದೀರಿ ಎಂಬುದೂ ತಿಳಿದಿರಲಿ. ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟರು ಮಾತಿನ ಚಿಕಿತ್ಸೆ ಮಾಡುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ‘ಕೌನ್ಸೆಲರ್’ ಎಂಬ ಬೋರ್ಡನ್ನು ಮಾತ್ರ ಎರಡು ವಾರದ ಕೋರ್ಸ್ ಮಾಡಿದವರೂ ಹಾಕಿಕೊಂಡಿರುತ್ತಾರೆ. ಏನು ಓದಿದ್ದೀರಿ ಎಂದು ಕೇಳುವುದು ಅಪಮಾನವಲ್ಲ. 2019ರಿಂದ ಮಾರಿವಾಲಾ ಹೆಲ್ತ್ ಇನಿಷಿಯೇಟಿವ್ ನಡೆಸುತ್ತಿರುವ ‘ಕ್ವಿಯರ್ ಅಫರ್ಮೇಟಿವ್ ಕೌನ್ಸೆಲಿಂಗ್’ (ನಿಮ್ಮ ಗುರುತನ್ನು ಒಪ್ಪಿಕೊಂಡೇ ಮಾಡುವ ಸಮಾಲೋಚನೆ) ತರಬೇತಿ ಪಡೆದವರು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಬೆಂಗಳೂರಿನ ಸಂಗಮ, ಜೀವಾ, ಒಂದೆಡೆ, ಪಯಣದಂಥ ಸಂಸ್ಥೆಗಳನ್ನೋ ನಿಮ್ಮ ಜಿಲ್ಲೆಯ ಸಮುದಾಯ ಸಂಘಟನೆಯನ್ನೋ ‘ಯಾವ ಡಾಕ್ಟರ್ ಪರವಾಗಿಲ್ಲ’ ಎಂದು ಕೇಳಿ. ಮಂಗಳಮುಖಿಯರು ಒಟ್ಟಿಗೆ ಬದುಕುವ ಹಮಾಮಿನ ಹಿರಿಯರಿಗೆ ಗೊತ್ತಿರುವಷ್ಟು ಯಾವ ವೆಬ್‌ಸೈಟಿಗೂ ಗೊತ್ತಿರುವುದಿಲ್ಲ.

ಫೋನಿನಲ್ಲೇ ಸೋಸಿ

ಹೆಸರು ಹೇಳುವ ಮೊದಲು ಈ ಮೂರು ಪ್ರಶ್ನೆ ಕೇಳಿ. ಬೇಕಿದ್ದರೆ ಗೆಳೆಯರಿಂದ ಕೇಳಿಸಿ.

ಒಂದು: ‘ನಿಮ್ಮಲ್ಲಿಗೆ ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಜನ ಬರುತ್ತಾರಾ?’ ‘ಹೌದು, ಆತಂಕಕ್ಕೆ, ನಿದ್ದೆಗೆ, ಮನೆಯ ಜಗಳಕ್ಕೆ ಎಲ್ಲದಕ್ಕೂ ಬರ್ತಾರೆ’ ಎಂದರೆ ಒಳ್ಳೆಯ ಉತ್ತರ. ‘ಬರ್ತಾರೆ, ಅಂಥ ಕೇಸು ಸರಿಮಾಡಿದ್ದೀವಿ’ ಎಂದರೆ ಫೋನ್ ಇಟ್ಟುಬಿಡಿ.

ಎರಡು: ‘ನನ್ನ ಒಲವನ್ನು ಬದಲಾಯಿಸಬೇಕು ಅಂತ ಮನೆಯವರು ಹೇಳಿದರೆ ನೀವೇನು ಮಾಡ್ತೀರಿ?’ ಇಲ್ಲಿ ತಡವರಿಕೆ ಬೇರೆ, ಜಾರಿಕೆ ಬೇರೆ. ‘ಅನುಭವ ಕಡಿಮೆ, ಆದರೆ ಬದಲಾಯಿಸಲು ಆಗುವುದಿಲ್ಲ ಅನ್ನೋದು ಗೊತ್ತು’ ಎಂದವರ ಬಳಿ ಧೈರ್ಯವಾಗಿ ಹೋಗಿ. ‘ಮೊದಲು ಬನ್ನಿ, ಆಮೇಲೆ ನೋಡೋಣ’ ಎಂದವರ ಬಳಿ ಬೇಡ.

ಮೂರು: ‘ನಾನು ಹೇಳಿದ್ದನ್ನು ಅಪ್ಪ ಅಮ್ಮ ಕೇಳಿದರೆ ಹೇಳ್ತೀರಾ?’ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ನಿಮ್ಮ ಹಕ್ಕಾಗಿಸಿದೆ. ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶದಂಥ ಕೆಲವೇ ವಿನಾಯಿತಿಗಳಿವೆ. ಆ ವಿನಾಯಿತಿಗಳನ್ನು ತಾವಾಗಿ ಬಿಡಿಸಿ ಹೇಳುವವರು ನಂಬಿಕೆಗೆ ಯೋಗ್ಯರು.

ಹದಿನೆಂಟು ತುಂಬದವರು ಒಂದು ಎಚ್ಚರಿಕೆ ಗಮನಿಸಿ. ನಿಮ್ಮ ಒಲವಿನ ಬಗ್ಗೆ, ಮನಸ್ಸಿನ ಬಗ್ಗೆ ಮಾತಾಡಲು ಅಡ್ಡಿಯಿಲ್ಲ. ಆದರೆ ದೈಹಿಕ ಸಂಬಂಧ ನಡೆದಿದೆ ಎಂದು ಹೇಳಿದರೆ, ಅದು ಇಬ್ಬರ ಇಚ್ಛೆಯಿಂದಲೇ ನಡೆದಿದ್ದರೂ, ಪೋಕ್ಸೋ ಕಾಯ್ದೆಯಂತೆ ವೈದ್ಯರೋ ಕೌನ್ಸೆಲರೋ ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ. ಒಳ್ಳೆಯ ಕೌನ್ಸೆಲರ್ ಇದನ್ನು ಮಾತು ಶುರುವಾಗುವ ಮೊದಲೇ ಹೇಳುತ್ತಾರೆ. ಮೈಮೇಲೆ ದೌರ್ಜನ್ಯ ನಡೆಯುತ್ತಿದ್ದರೆ ಮಾತ್ರ ಮುಚ್ಚಿಡಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮೊದಲ ಭೇಟಿ

ಸಾಧ್ಯವಾದರೆ ಒಬ್ಬರೇ ಒಳಗೆ ಹೋಗಿ. ಮನೆಯವರು ಜೊತೆಗಿದ್ದರೆ ‘ಹತ್ತು ನಿಮಿಷ ಒಬ್ಬನೇ ಮಾತಾಡಬೇಕು’ ಎಂದು ನೀವೇ ಕೇಳಿ. ತೊಂದರೆಯನ್ನು ಮೊದಲು ಹೇಳಿ, ಗುರುತನ್ನು ಆಮೇಲೆ. ‘ಮೂರು ತಿಂಗಳಿಂದ ನಿದ್ದೆ ಕೆಟ್ಟಿದೆ, ಕೆಲಸದಲ್ಲಿ ಗಮನ ಇಲ್ಲ, ಸಂಜೆ ಕುಡೀತೀನಿ. ನಾನು ಗೇ. ಅದರ ಬಗ್ಗೆ ನನಗೆ ಗೊಂದಲ ಇಲ್ಲ, ಮದುವೆ ಒತ್ತಾಯದಿಂದ ಸಾಕಾಗಿದೆ.’ ಈ ಕ್ರಮದಲ್ಲಿ ಹೇಳಿದರೆ ವೈದ್ಯರ ಕಣ್ಣು ರೋಗಲಕ್ಷಣದ ಮೇಲೆ ನಿಲ್ಲುತ್ತದೆ. ಮೊದಲೇ ‘ನಾನು ಗೇ’ ಎಂದರೆ ಉಳಿದ ಹದಿನೈದು ನಿಮಿಷ ಅದರ ಮೇಲೇ ಹೋಗಿಬಿಡಬಹುದು. ಹೇಳುವ ಮನಸ್ಸಿಲ್ಲದಿದ್ದರೆ ಮೊದಲ ಭೇಟಿಯಲ್ಲಿ ಹೇಳದಿದ್ದರೂ ನಡೆಯುತ್ತದೆ.

ಟ್ರಾನ್ಸ್‌ಜೆಂಡರ್ ಆಗಿದ್ದರೆ ಯಾವ ಹೆಸರಿನಿಂದ, ಅವನು ಅವಳು ಅವರು ಯಾವುದರಿಂದ ಕರೆಯಬೇಕೆಂದು ಕೂತ ಕೂಡಲೇ ಹೇಳಿ. ಒಮ್ಮೆ ತಪ್ಪಿ ತಿದ್ದಿಕೊಂಡರೆ ಅದು ಅಭ್ಯಾಸಬಲ. ಐದನೇ ಸಲವೂ ಹಳೇ ಹೆಸರೇ ಬಂದರೆ ಅಲ್ಲಿ ಬೇರೇನೋ ಇದೆ.

ಹೊರಡುವ ಮುನ್ನ ಚೀಟಿ ಓದಿ. ಕೆಲವರು ಇನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಪಟ್ಟಿಯ ಎಫ್66.1 ಸಂಕೇತ ಬರೆಯುವುದುಂಟು. ತನ್ನ ಲೈಂಗಿಕ ಒಲವಿನ ಬಗ್ಗೆ ತನಗೇ ಬೇಸರವಿರುವ ‘ಕಾಯಿಲೆ’ ಎಂದು ಅದರ ಅರ್ಥ. ಹೊಸ ಪಟ್ಟಿಯಲ್ಲಿ ಅಂಥದ್ದೇ ಇಲ್ಲ. ಖಿನ್ನತೆ ಇದ್ದರೆ ಖಿನ್ನತೆ ಎಂದು ಬರೆಯಲಿ. ನಿಮ್ಮ ದಾಖಲೆ ನೋಡುವ ಹಕ್ಕು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ನಿನಲ್ಲಿದೆ.

ಮನೆಯಿಂದ ವಿಡಿಯೊ ಸಮಾಲೋಚನೆ ಮಾಡುವವರು ಟೆರೇಸೋ ತೋಟವೋ ನೋಡಿಕೊಳ್ಳಿ, ಇಯರ್‌ಫೋನ್ ಇರಲಿ. ಯಾರಾದರೂ ಬಂದರೆ ಹೇಳಬೇಕಾದ ಮಾತನ್ನು ವೈದ್ಯರ ಜೊತೆ ಮೊದಲೇ ಗೊತ್ತುಮಾಡಿಕೊಳ್ಳಿ. ‘ಸರಿ ಸಾರ್, ಆ ಫೈಲ್ ನಾಳೆ ಕಳಿಸ್ತೀನಿ’ ಎಂದರೆ ಆ ಕಡೆಯವರು ಕರೆ ಮುಗಿಸಬೇಕು.

‘ಸರಿಮಾಡ್ತೀವಿ’ ಎನ್ನುವವರು

ಗೋಡೆಯ ಮೇಲೆ ಜಾಹೀರಾತು ಬರೆಸುವ ಗುಪ್ತರೋಗ ತಜ್ಞರಿಂದ ಹಿಡಿದು ತಡೆ ಒಡೆಸುವ ಮಂತ್ರವಾದಿಯವರೆಗೆ, ಕೆಲವೊಮ್ಮೆ ಪದವಿ ಪಡೆದ ವೈದ್ಯರೂ ಈ ವ್ಯಾಪಾರದಲ್ಲಿದ್ದಾರೆ. ಮಾತಿನ ವರಸೆ ಒಂದೇ: ಇದು ಚಟ, ಕೆಟ್ಟ ಸಹವಾಸ, ಹಾರ್ಮೋನ್ ಏರುಪೇರು, ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ. ಮದುವೆಯ ಸಲಹೆ ಇದರಲ್ಲಿ ಅತ್ಯಂತ ಅಪಾಯದ್ದು. ಅದು ಏನೂ ಅರಿಯದ ಇನ್ನೊಂದು ಜೀವವನ್ನೂ ಈ ಒತ್ತಡದೊಳಗೆ ಎಳೆದು ತರುತ್ತದೆ.

2021ರ ಜೂನ್ 7ರಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಇಂಥ ‘ಗುಣಪಡಿಸುವ’ ಪ್ರಯತ್ನಗಳನ್ನು ನಿಷೇಧಿಸುವಂತೆ ಆದೇಶಿಸಿದರು. ಅದರ ಬೆನ್ನಿಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದು ವೃತ್ತಿ ದುರ್ನಡತೆ ಎಂದು ರಾಜ್ಯ ಮಂಡಳಿಗಳಿಗೆ ತಿಳಿಸಿತು. ಹಾಗಾಗಿ ವೈದ್ಯರು ಹೀಗೆ ಮಾಡಿದರೆ ಕರ್ನಾಟಕ ವೈದ್ಯಕೀಯ ಮಂಡಳಿಗೆ ದೂರು ಕೊಡಬಹುದು. ಚೀಟಿ, ರಸೀದಿ, ದಿನಾಂಕ, ಆಡಿದ ಮಾತು ಎಲ್ಲ ಅಂದೇ ಬರೆದಿಡಿ. ಮಂತ್ರವಾದಿಗೆ ವೈದ್ಯಕೀಯ ಮಂಡಳಿ ಇಲ್ಲ. ಅಲ್ಲಿ ಹೊಡೆತ, ಕೂಡಿಹಾಕುವುದು ನಡೆದರೆ ಪೊಲೀಸ್ ದೂರೇ ದಾರಿ, ಸಂಖ್ಯೆ 112.

ಔಷಧದ ಲೆಕ್ಕ

ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಪರಿಣಾಮಕ್ಕೆ ಇನ್ನೂ ಹೆಚ್ಚು. ಮೊದಲ ವಾರ ವಾಕರಿಕೆ, ಚಡಪಡಿಕೆ ಸಾಮಾನ್ಯ. ಇಪ್ಪತ್ತೈದರೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚಾದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಈ ಮಾತ್ರೆಗಳಿಂದ ಲೈಂಗಿಕ ಆಸೆ ಕುಗ್ಗಬಹುದು. ಅದು ಔಷಧದ ಅಡ್ಡಪರಿಣಾಮ. ‘ಒಲವು ಬದಲಾಗುತ್ತಿದೆ’ ಎಂದು ಯಾರಾದರೂ ಅರ್ಥ ಹಚ್ಚಿದರೆ ನಂಬಬೇಡಿ. ಚೇತರಿಸಿಕೊಂಡೆ ಎಂದು ಥಟ್ಟನೆ ಬಿಡಬೇಡಿ. ತಲೆಸುತ್ತು, ಮೈಯಲ್ಲಿ ಕರೆಂಟ್ ಹೊಡೆದಂತಾಗುವುದು ಶುರುವಾಗುತ್ತದೆ. ದಿನವೂ ಹೆಚ್ಚು ಕುಡಿಯುವವರು ಮದ್ಯವನ್ನೂ ಒಮ್ಮೆಗೇ ನಿಲ್ಲಿಸಬಾರದು, ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲಿ ಬಿಡಿ.

ಹಾರ್ಮೋನ್ ತೆಗೆದುಕೊಳ್ಳುವ ಟ್ರಾನ್ಸ್ ಮಹಿಳೆಯರು, ಮೆಡಿಕಲ್‌ನಿಂದ ಗರ್ಭನಿರೋಧಕ ಮಾತ್ರೆ ತಂದು ತಾವೇ ನುಂಗುತ್ತಿರುವವರೂ ಸೇರಿ, ಅದನ್ನು ಮನೋವೈದ್ಯರಿಗೆ ಹೇಳಲೇಬೇಕು. ಫಿಟ್ಸ್‌ಗೂ ಮನಸ್ಸಿನ ಏರಿಳಿತಕ್ಕೂ ಕೊಡುವ ಕಾರ್ಬಮಜೆಪೈನ್ ಎಂಬ ಔಷಧ ರಕ್ತದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಪ್ರಮಾಣ ಇಳಿಸುತ್ತದೆ. ಗಂಡು ಹಾರ್ಮೋನಿನ ಪ್ರಭಾವ ತಗ್ಗಿಸಲು ತೆಗೆದುಕೊಳ್ಳುವ ಸ್ಪೈರೊನೊಲ್ಯಾಕ್ಟೋನ್ ಜೊತೆ ಮನಸ್ಸಿನ ಏರಿಳಿತದ ಔಷಧವಾದ ಲಿಥಿಯಂ ಕೊಟ್ಟರೆ ಲಿಥಿಯಂ ಮಟ್ಟ ಏರಿ ವಿಷವಾಗಬಹುದು, ರಕ್ತಪರೀಕ್ಷೆ ಬೇಕು. ಎಆರ್‌ಟಿ ಕೇಂದ್ರದಿಂದ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಡೋಲುಟೆಗ್ರಾವಿರ್‌ನ ಬಲವನ್ನೂ ಇದೇ ಕಾರ್ಬಮಜೆಪೈನ್ ತಗ್ಗಿಸುತ್ತದೆ. ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಎಲ್ಲ ಮಾತ್ರೆಗಳ ಸ್ಟ್ರಿಪ್ಪನ್ನೂ ಮೇಜಿನ ಮೇಲಿಡಿ, ಸಾಕು.

ಒಂದು ಬಿಳಿ ಹಾಳೆ

ಇದನ್ನು ಬಹಳ ಜನ ಮಾಡುವುದಿಲ್ಲ, ಆದರೆ ಇದರಷ್ಟು ಉಪಯೋಗದ್ದು ಬೇರಿಲ್ಲ. ನೀವು ನಿರ್ಧಾರ ಮಾಡಲಾಗದ ಸ್ಥಿತಿಗೆ ಬಂದಾಗ ನಿಮ್ಮ ಪರವಾಗಿ ಯಾರು ಮಾತಾಡಬೇಕು? ನೀವು ಯಾರನ್ನೂ ಹೆಸರಿಸಿಲ್ಲದಿದ್ದರೆ ಕಾನೂನು ಮೊದಲು ನೋಡುವುದು ಸಂಬಂಧಿಕರನ್ನು. ನಿಮ್ಮನ್ನು ‘ಸರಿಮಾಡಲು’ ಹೊರಟವರೇ ಅವರಾಗಿದ್ದರೆ ಗತಿಯೇನು? ಕಾಯ್ದೆಯ 14ನೇ ಸೆಕ್ಷನ್ ಹದಿನೆಂಟು ದಾಟಿದ ಯಾರಿಗೇ ಆದರೂ ತಮ್ಮ ಪ್ರತಿನಿಧಿಯನ್ನು ಹೆಸರಿಸುವ ಹಕ್ಕು ಕೊಟ್ಟಿದೆ. ಸಂಗಾತಿ, ಗೆಳತಿ, ಸಮುದಾಯದ ಅಮ್ಮ, ಯಾರನ್ನಾದರೂ. ಛಾಪಾಕಾಗದ ಬೇಡ, ವಕೀಲರು ಬೇಡ. ಹೀಗೆ ಬರೆಯಿರಿ:

‘ನಾನು (ಹೆಸರು, ವಯಸ್ಸು, ವಿಳಾಸ), ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಸೆಕ್ಷನ್ 14ರ ಅಡಿ (ಹೆಸರು, ವಿಳಾಸ, ಫೋನ್) ಅವರನ್ನು ನನ್ನ ನಾಮನಿರ್ದೇಶಿತ ಪ್ರತಿನಿಧಿಯಾಗಿ ಹೆಸರಿಸುತ್ತಿದ್ದೇನೆ. ಹಿಂದೆ ಬೇರೆ ಯಾರನ್ನಾದರೂ ಹೆಸರಿಸಿದ್ದರೆ ಅದು ರದ್ದಾಗಿದೆ. ದಿನಾಂಕ, ಸಹಿ.’

ಸಹಿ ಬಾರದಿದ್ದರೆ ಹೆಬ್ಬೆಟ್ಟು. ಕೆಳಗೆ ಆ ವ್ಯಕ್ತಿ ‘ಒಪ್ಪಿದ್ದೇನೆ’ ಎಂದು ಬರೆದು ಸಹಿ ಹಾಕಲಿ. ಅವರು ವಯಸ್ಕರಾಗಿರಬೇಕು, ಒಪ್ಪಿಗೆ ಬರಹದಲ್ಲೇ ಇರಬೇಕು. ಒಂದು ಪ್ರತಿ ವೈದ್ಯರ ಫೈಲಿಗೆ, ಒಂದು ಪ್ರತಿನಿಧಿಯ ಬಳಿ, ಫೋಟೊ ನಿಮ್ಮ ಫೋನಿನಲ್ಲಿ.

ಮನೆಯವರು ಬಲವಂತವಾಗಿ ಆಸ್ಪತ್ರೆಗೆ ಸೇರಿಸಿದರೂ ದಾರಿಗಳಿವೆ. ನಿಮ್ಮ ಇಚ್ಛೆಯಿಲ್ಲದೆ ಸೇರಿಸಿಕೊಳ್ಳಲು ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಬೇಕು; ಅವರಲ್ಲೊಬ್ಬರು ಮನೋವೈದ್ಯರೇ ಆಗಿರಬೇಕು. 89ನೇ ಸೆಕ್ಷನ್ನಿನಡಿ ಮೊದಲಿಗೆ 30 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಮಹಿಳೆ ಅಥವಾ ಹದಿನೆಂಟು ತುಂಬದವರಾದರೆ 3 ದಿನದೊಳಗೆ, ಉಳಿದವರಾದರೆ 7 ದಿನದೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ನೀವೂ ಆ ಮಂಡಳಿಗೆ ಮೊರೆ ಹೋಗಬಹುದು. ಉಚಿತ ಕಾನೂನು ನೆರವಿಗೆ 15100. ಸಂಗಾತಿಯನ್ನು ಮನೆಯವರು ಕೂಡಿಹಾಕಿದ್ದರೆ ಅವರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿಸಬಹುದು. ಇಂಥ ಅರ್ಜಿಗಳಲ್ಲಿ ವ್ಯಕ್ತಿಯ ಒಲವನ್ನು ಬದಲಾಯಿಸುವಂಥ ಕೌನ್ಸೆಲಿಂಗಿಗೆ ನ್ಯಾಯಾಲಯಗಳು ಕಳಿಸಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ.

ಕೆಟ್ಟ ರಾತ್ರಿಗೊಂದು ಚೀಟಿ

ಮನಸ್ಸು ಸಮಾಧಾನವಾಗಿರುವಾಗಲೇ ಇದನ್ನು ಬರೆದಿಡಬೇಕು. ಕೆಟ್ಟ ಹೊತ್ತಿನ ಮುನ್ಸೂಚನೆ ಯಾವುದು (ಉದಾಹರಣೆಗೆ, ಫೋನ್ ಸ್ವಿಚ್ ಆಫ್ ಮಾಡಿ ಮಲಗುವುದು). ಒಬ್ಬರೇ ಇದ್ದಾಗ ಮಾಡಬಲ್ಲ ಎರಡು ಕೆಲಸ. ಹೋಗಿ ಕೂರಬಹುದಾದ ಜಾಗ. ಕರೆ ಮಾಡಬಹುದಾದ ಮೂವರು. ಇದರಲ್ಲಿ ಒಬ್ಬರಿಗಾದರೂ ನಿಮ್ಮ ಗುರುತು ಗೊತ್ತಿರಲಿ, ಇಲ್ಲದಿದ್ದರೆ ಆ ಹೊತ್ತಿನಲ್ಲೂ ಮುಚ್ಚಿಡುವ ದುಡಿಮೆ ಬೇರೆ. ಆಮೇಲೆ ವೈದ್ಯರ ಸಂಖ್ಯೆ, 14416, 112. ಕೊನೆಯದು ಎಲ್ಲಕ್ಕಿಂತ ಮುಖ್ಯ: ಕೈಗೆ ಸಿಗುವ ಅಪಾಯದ ವಸ್ತು ದೂರ ಮಾಡುವುದು. ಹಳ್ಳಿಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧ ಬೇರೆಯವರ ಬೀಗದೊಳಗಿರಲಿ, ಮಾತ್ರೆಗಳು ವಾರಕ್ಕಾಗುವಷ್ಟೇ ಮನೆಯಲ್ಲಿರಲಿ. ಇಂಥ ಆವೇಗ ಬಹಳ ಸಲ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಆ ಹೊತ್ತು ದಾಟಿಸುವುದೇ ಈ ಚೀಟಿಯ ಕೆಲಸ.

ಗೆಳೆಯರು ‘ಸಾಯಬೇಕು ಅನ್ನಿಸ್ತಿದೆಯಾ’ ಎಂದು ನೇರವಾಗಿ ಕೇಳಬಹುದು. ಕೇಳಿದರೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ಆಸ್ಪತ್ರೆಗೆ ಒಯ್ಯಲು ಪೊಲೀಸ್ ಕೇಸಿನ ಭಯ ಬೇಡ. ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಭಾವಿಸುತ್ತದೆ.

ಬ್ಲ್ಯಾಕ್‌ಮೇಲ್

ಡೇಟಿಂಗ್ ಆ್ಯಪಿನಲ್ಲಿ ಪರಿಚಯವಾದವರು ‘ಮನೆಯವರಿಗೆ ಹೇಳ್ತೀನಿ’ ಎಂದು ದುಡ್ಡು ಕೇಳಿದರೆ ಮನಸ್ಸು ಕುಸಿಯುವುದು ಗಂಟೆಗಳ ಲೆಕ್ಕದಲ್ಲಿ. ಮೊದಲ ಕೆಲಸ, ದುಡ್ಡು ಕೊಡದಿರುವುದು. ಕೊಟ್ಟರೆ ಮತ್ತೆ ಕೇಳುತ್ತಾರೆ. ಬ್ಲಾಕ್ ಮಾಡುವ ಮುನ್ನ ಪ್ರೊಫೈಲ್, ಮೆಸೇಜ್, ಯುಪಿಐ ಐಡಿ, ಫೋನ್ ಸಂಖ್ಯೆಗಳ ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳಿಸಿಡಿ. ಆಮೇಲೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಈಗಾಗಲೇ ದುಡ್ಡು ಹೋಗಿದ್ದರೆ ಎಷ್ಟು ಬೇಗ ಕರೆ ಮಾಡುತ್ತೀರೋ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ‘ನನ್ನನ್ನೇ 377ರಲ್ಲಿ (ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಹಳೆಯ ದಂಡಸಂಹಿತೆಯ ಸೆಕ್ಷನ್) ಹಾಕಿಬಿಟ್ಟರೆ’ ಎಂಬ ಭಯ ಹಲವರನ್ನು ಠಾಣೆಯ ಬಾಗಿಲಲ್ಲೇ ನಿಲ್ಲಿಸುತ್ತದೆ. ವಯಸ್ಕರಿಬ್ಬರು ಒಪ್ಪಿ ನಡೆಸಿದ್ದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ನೇ ಇಲ್ಲ. ಬೆದರಿಸಿ ದುಡ್ಡು ಕೀಳುವುದು ಮಾತ್ರ ಅದರ 308ನೇ ಸೆಕ್ಷನ್ನಿನ ಸುಲಿಗೆ ಅಪರಾಧ. ಠಾಣೆಗೆ ಒಬ್ಬರೇ ಹೋಗಬೇಡಿ. ಸಂಘಟನೆಯವರೋ ವಕೀಲರೋ ಜೊತೆಗಿರಲಿ, ದೂರು ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದೇ ಹೊರಗೆ ಬನ್ನಿ.